ಆಷಾಢದಲ್ಲೊಂದು ನೆಟ್‌ವರ್ಕ್ ಕಾರ್ಡು

ಮದುವೆಯ ವಿಡಿಯೊ ಎಡಿಟ್ ಮಾಡುವವರಿಗೆ ವರ್ಷದಲ್ಲಿ ಸಿಗುವ ರಜೆಯೆಂದರೆ ಆಷಾಢ. ಮುಹೂರ್ತಗಳಿಲ್ಲ, ಹಾಗಾಗಿ ಫೋನುಗಳೂ ಇಲ್ಲ. ಬೆಂಗಳೂರಿನ ಹನುಮಂತನಗರದಲ್ಲಿ ನಾವು ಬಾಡಿಗೆಗೆ ಹಿಡಿದಿರುವ ಮಹಡಿಯ ಕೋಣೆಯಲ್ಲಿ ನನ್ನದೊಂದು, ಬಾಮೈದನದೊಂದು ಎಡಿಟಿಂಗ್ ಕಂಪ್ಯೂಟರ್ ಇವೆ. ಮೂಲೆಯಲ್ಲಿ ನಾಲ್ಕು ಹಾರ್ಡ್ ಡಿಸ್ಕುಗಳ ಸ್ಟೋರೇಜ್ ಪೆಟ್ಟಿಗೆ. ಮೂರೂ ನಡೆಯುವುದು ಉಬುಂಟು ಲಿನಕ್ಸ್‌ನಲ್ಲಿ. ಈ ಸಲದ ಬಿಡುವಿನಲ್ಲಿ ಇವುಗಳ ನಡುವಿನ ನೆಟ್‌ವರ್ಕನ್ನು 1 ಗಿಗಾಬಿಟ್‌ನಿಂದ 10ಕ್ಕೆ ಏರಿಸಲು ಹೊರಟೆ. ಒಂದು ಶನಿವಾರದ ಕೆಲಸವೆಂದುಕೊಂಡಿದ್ದೆ. ಮುಗಿಯುವಾಗ ಶ್ರಾವಣ ಬಾಗಿಲಲ್ಲಿ ನಿಂತಿತ್ತು.

ಅಗತ್ಯವೇನಿತ್ತು ಎಂದರೆ, ಲೆಕ್ಕ ಸರಳ. ಮೂರು ಕ್ಯಾಮೆರಾ, ವರಪೂಜೆಯಿಂದ ಆರತಕ್ಷತೆಯವರೆಗೆ. ಒಂದು ಮದುವೆಗೆ ಸುಮಾರು 600 ಗಿಗಾಬೈಟ್ ಬೀಳುತ್ತದೆ. 1 ಗಿಗಾಬಿಟ್ ಕೇಬಲ್ ನಮಗೆ ಸೆಕೆಂಡಿಗೆ 112 ಮೆಗಾಬೈಟ್ ಆಸುಪಾಸು ಕೊಡುತ್ತಿತ್ತು. ಅಂದರೆ ಒಂದು ಮದುವೆಯನ್ನು ಸ್ಟೋರೇಜಿಗೆ ಸಾಗಿಸಲು ಒಂದೂವರೆ ಗಂಟೆ. ಆ ಹೊತ್ತಿನಲ್ಲಿ ಬಾಮೈದ ಇನ್ನೊಂದು ಮದುವೆಯ ಟೈಮ್‌ಲೈನ್ ತೆರೆದರೆ ಇಬ್ಬರ ಕೆಲಸವೂ ಕುಂಟುತ್ತಿತ್ತು.

10 ಗಿಗಾಬಿಟ್ ಸ್ವಿಚ್ಚಿನ ಬೆಲೆ ಕೇಳಿ ಕೈಬಿಟ್ಟೆ. ಮೂರೇ ಯಂತ್ರಗಳಿಗೆ ಸ್ವಿಚ್ಚಿನ ಅಗತ್ಯವೂ ಇಲ್ಲ. ಸ್ಟೋರೇಜಿಗೆ ಎರಡು ಪೋರ್ಟಿನ ಕಾರ್ಡು, ನಮ್ಮಿಬ್ಬರಿಗೆ ಒಂದೊಂದು ಪೋರ್ಟಿನ ಕಾರ್ಡು, ನಡುವೆ ನೇರ ಕೇಬಲ್. ಎರಡು ಕೊಂಡಿಗಳಿಗೂ ಬೇರೆ ಬೇರೆ ವಿಳಾಸ ಸರಣಿ ಕೊಟ್ಟರೆ ಸಾಕು. ಇಂಟರ್ನೆಟ್ ಹಳೆಯ ಪೋರ್ಟಿನಲ್ಲೇ ಇರಲಿ.

ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್‌ಪಿ ರಸ್ತೆಗೆ ನಡೆದೆ. ಸರ್ವರ್‌ಗಳಿಂದ ಕಳಚಿದ ಹಳೆಯ ಕಾರ್ಡುಗಳು ಅಲ್ಲಿ ಟ್ರೇಗಳಲ್ಲಿ ತರಕಾರಿಯಂತೆ ಬಿದ್ದಿರುತ್ತವೆ. ನಾನು ಹುಡುಕುತ್ತಿದ್ದುದು ಇಂಟೆಲ್ 82599 ಚಿಪ್ಪಿನ ಕಾರ್ಡು. ಹಳೆಯದಾದರೂ ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಐಎಕ್ಸ್‌ಜಿಬಿಇ, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಹೊರಗಿನಿಂದ ಏನನ್ನೂ ತರಬೇಕಿಲ್ಲ. "ಡೇಟಾ ಸೆಂಟರ್ ಮಾಲು ಸಾರ್, ಕಣ್ಣು ಮುಚ್ಚಿಕೊಂಡು ಹಾಕಿ" ಎಂದ ಅಂಗಡಿಯ ಹುಡುಗ. ಎರಡು ಪೋರ್ಟಿನದು 4,200 ರೂಪಾಯಿ, ಒಂದು ಪೋರ್ಟಿನವು ತಲಾ 2,800. ಜೊತೆಗೆ ಕಾರ್ಡಿಗೆ ಸಿಕ್ಕಿಸಿ ಫೈಬರ್ ಜೋಡಿಸುವ ಬೆಳಕಿನ ಮಾಡ್ಯೂಲ್ (ಎಸ್‌ಎಫ್‌ಪಿ ಎನ್ನುತ್ತಾರೆ) ನಾಲ್ಕು, 2,800. ಫೈಬರ್ ಕೇಬಲ್ ಎರಡು, 700. ವಾರಂಟಿ ಏಳು ದಿನ. ಬಿಲ್ಲಿನ ಮೇಲೆ ಪ್ರತಿ ಕಾರ್ಡಿನ ಕ್ರಮಸಂಖ್ಯೆ ಬರೆಸಿಕೊಳ್ಳಿ. ನಾನು ಬರೆಸಿಕೊಳ್ಳಲಿಲ್ಲ, ಆಮೇಲೆ "ಇದು ನಮ್ಮ ಮಾಲೇ ಎಂದು ಹೇಗೆ ಹೇಳುತ್ತೀರಿ" ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲ ಅಡ್ಡಿ ಎದುರಾದದ್ದು ಸ್ಕ್ರೂಡ್ರೈವರ್ ಹಿಡಿದ ಎರಡನೇ ನಿಮಿಷದಲ್ಲಿ. ಒಂದು ಕಾರ್ಡಿನ ತುದಿಯ ಲೋಹದ ಪಟ್ಟಿ ಗಿಡ್ಡನೆಯದು, ತೆಳು ಸರ್ವರ್‌ಗೆ ಮಾಡಿದ್ದು. ನನ್ನ ಕ್ಯಾಬಿನೆಟ್ಟಿನ ತೂತಿಗೆ ಅದು ಎಟುಕಲೇ ಇಲ್ಲ. ಉದ್ದನೆಯ ಪಟ್ಟಿಗಾಗಿ ಮರುದಿನ ಮತ್ತೆ ಎಸ್‌ಪಿ ರಸ್ತೆ ಎಂದರೆ, ಮರುದಿನ ಭಾನುವಾರ. ಸೋಮವಾರ ಮಳೆ. ಮಂಗಳವಾರ 150 ರೂಪಾಯಿಗೆ ಪಟ್ಟಿ ಸಿಕ್ಕಿತು.

ಮೂರೂ ಕಾರ್ಡು ಕೂರಿಸಿ, ಮಾಡ್ಯೂಲ್ ಸಿಕ್ಕಿಸಿ, ಯಂತ್ರ ಚಾಲೂ ಮಾಡಿದೆ. ಯಂತ್ರದೊಳಗಿನ ಕಾರ್ಡುಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟರೆ ಕಾರ್ಡು ಕಾಣುತ್ತಿದೆ. ನೆಟ್‌ವರ್ಕ್ ಪಟ್ಟಿಯಲ್ಲಿ ಮಾತ್ರ ಅದರ ಸುಳಿವಿಲ್ಲ. ಎಷ್ಟು ಸಲ ಕೇಳಿದರೂ ಹಳೆಯ ಪೋರ್ಟೊಂದೇ. ಕಾರ್ಡು ಸತ್ತಿದೆ, ಹುಡುಗ ಕಣ್ಣು ಮುಚ್ಚಿಸಿದ ಎಂದೇ ನಂಬಿದೆ.

ಈ ಹಂತದಲ್ಲಿ ಪರಿಚಿತರೊಬ್ಬರು "ಕರ್ನಲ್‌ನಲ್ಲಿರುವ ಡ್ರೈವರ್ ಹಳೆಯದಿರಬಹುದು, ಹೊಸದರ ಮೂಲ ಕೋಡ್ ಇಳಿಸಿಕೊಂಡು ಕಟ್ಟಿ" ಎಂದರು. ಆ ಮಾತು ನನ್ನ ಎರಡು ಸಂಜೆಗಳನ್ನು ತಿಂದಿತು. ಮೊದಲು, ಕಟ್ಟಲು ಬೇಕಾದ ಕರ್ನಲ್ ಹೆಡರ್ ಕಡತಗಳಿಲ್ಲ ಎಂಬ ತಕರಾರು. ಅವನ್ನು ಹಾಕಿ ಕಟ್ಟಿದರೆ, ನಂಬಿಕೆಯ ಸಹಿಯಿರುವ ತಂತ್ರಾಂಶವನ್ನಷ್ಟೇ ಒಪ್ಪುವ ಸೆಕ್ಯೂರ್ ಬೂಟ್ ಚಾಲೂ ಇದ್ದುದರಿಂದ ಸಹಿಯಿಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡಲಿಲ್ಲ. ಸಹಿಯ ಕೀಲಿ ನೋಂದಾಯಿಸಿದರೆ, ರೀಬೂಟ್ ಆದಾಗ ನೀಲಿ ಪರದೆಯೊಂದು ಬಂದು ಹತ್ತು ಸೆಕೆಂಡು ಕಾದು, ಯಾವ ಗುಂಡಿಯನ್ನೂ ಒತ್ತದಿದ್ದರೆ ಹೊರಟುಹೋಗುತ್ತದೆ. ನಮ್ಮ ಸ್ಟೋರೇಜ್ ಪೆಟ್ಟಿಗೆಗೆ ಮಾನಿಟರೂ ಇಲ್ಲ, ಕೀಬೋರ್ಡೂ ಇಲ್ಲ. ನಾನು ಬಾಮೈದನ ಮಾನಿಟರ್ ಹೊತ್ತು ತಂದು, ಮಂಡಿಯೂರಿ ಕುಳಿತು, ಆ ಹತ್ತು ಸೆಕೆಂಡಿಗಾಗಿ ಕಾದೆ. ಡ್ರೈವರ್ ಕೊನೆಗೂ ಏರಿತು. ಪೋರ್ಟು ಆಗಲೂ ಕಾಣಲಿಲ್ಲ. ಹೊಸ ಡ್ರೈವರನ್ನು ಕಿತ್ತುಹಾಕಿ ಕರ್ನಲ್‌ನದಕ್ಕೇ ಮರಳಿದೆ. ಇಂದಿಗೂ ಅದರಲ್ಲೇ ಇದ್ದೇನೆ.

ಕಾರಣವನ್ನು ಕರ್ನಲ್ ಮೊದಲ ದಿನವೇ ಬರೆದಿಟ್ಟಿತ್ತು. ಕರ್ನಲ್ ಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿ ಆಜ್ಞೆಯಲ್ಲಿ ಐಎಕ್ಸ್‌ಜಿಬಿಇ ಎಂಬ ಹೆಸರಿರುವ ಸಾಲುಗಳನ್ನು ಓದಿದರೆ ಒಪ್ಪಿತವಲ್ಲದ ಎಸ್‌ಎಫ್‌ಪಿ ಮಾಡ್ಯೂಲ್ ಇದೆ, ಆದ್ದರಿಂದ ಏರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಿತ್ತು. ಈ ಡ್ರೈವರ್ ತಾನು ಗುರುತಿಸುವ ಮಾಡ್ಯೂಲುಗಳನ್ನು ಮಾತ್ರ ಒಪ್ಪುತ್ತದೆ. ಬೇರೆಯದು ಸಿಕ್ಕಿಸಿದ್ದರೆ ಆ ಪೋರ್ಟನ್ನು ತೋರಿಸುವುದೇ ಇಲ್ಲ. ಖಾಲಿ ಪೋರ್ಟಾಗಿದ್ದರೆ ಕಾಣುತ್ತಿತ್ತು ಎನ್ನುವುದು ತಮಾಷೆ. ಕಾರ್ಡು ಸತ್ತಿದೆ ಎನ್ನುವ ಮೊದಲು ಮಾಡ್ಯೂಲ್ ಕಿತ್ತು ಒಮ್ಮೆ ರೀಬೂಟ್ ಮಾಡಿ ನೋಡಿ.

ಇದಕ್ಕೆ ಡ್ರೈವರಿನಲ್ಲೇ ಒಂದು ಆಯ್ಕೆ ಇದೆ: ಅಲೋ, ಅನ್‌ಸಪೋರ್ಟೆಡ್, ಎಸ್‌ಎಫ್‌ಪಿ ಎಂಬ ಮೂರು ಪದಗಳನ್ನು ಅಡಿಗೆರೆಯಿಂದ ಜೋಡಿಸಿದ ಹೆಸರು, ಅದರ ಮೌಲ್ಯ 1. ಡ್ರೈವರುಗಳನ್ನು ಏರಿಸುವ ಮಾಡ್‌ಪ್ರೋಬ್‌ನ ಸಂರಚನಾ ಕಡತದಲ್ಲಿ ಬರೆದು ರೀಬೂಟ್ ಮಾಡಿದೆ. ಏನೂ ಆಗಲಿಲ್ಲ. ಮತ್ತೊಂದು ಸಂಜೆ ಹೋಯಿತು. ಡ್ರೈವರ್ ಏರುವುದು ಬೂಟಿನ ಆರಂಭದಲ್ಲಿ, ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಕಟ್ಟಿನೊಳಗಿಂದ. ನಾನು ಡಿಸ್ಕಿನಲ್ಲಿ ಬರೆದ ಸಾಲು ಆ ಕಟ್ಟಿನೊಳಗೆ ಹೋಗಿರಲೇ ಇಲ್ಲ. ಕಡತ ತಿದ್ದಿದ ಮೇಲೆ ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್ ಆಜ್ಞೆಯನ್ನು ಕೊಟ್ಟು ಕಟ್ಟನ್ನು ಹೊಸದಾಗಿ ಮಾಡಬೇಕು. ಮಾಡಿದೆ. ಪೋರ್ಟುಗಳು ಕಂಡವು, ಹಸಿರು ದೀಪ ಹತ್ತಿತು. ಹತ್ತು ನಿಮಿಷದಲ್ಲಿ ಒಂದು ಆರಿತು, ಹತ್ತಿತು, ಮತ್ತೆ ಆರಿತು. ನಾಲ್ಕರಲ್ಲಿ ಒಂದು ಮಾಡ್ಯೂಲ್ ನಿಜಕ್ಕೂ ಕೆಟ್ಟದ್ದು.

ಅಷ್ಟರಲ್ಲಿ ಏಳು ದಿನ ಕಳೆದಿತ್ತು. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಹಾಗಾಗಿ ಈಗ ನೇರವಾಗಿ ಹೇಳುತ್ತೇನೆ: ಯಂತ್ರಗಳು ಒಂದೇ ಕೋಣೆಯಲ್ಲಿದ್ದರೆ ಫೈಬರಿನ ಗೊಡವೆಗೆ ಹೋಗಬೇಡಿ. ಎರಡು ತುದಿಯಲ್ಲೂ ಮಾಡ್ಯೂಲ್ ಬೆಸೆದೇ ಬರುವ ತಾಮ್ರದ ಡಿಎಸಿ ಕೇಬಲ್ ತನ್ನಿ. ಎಸ್‌ಎಫ್‌ಪಿ ಪ್ಲಸ್ ಮಾನದಂಡಕ್ಕೆ ಹೊಂದುವ ಇಂಥ ಕೇಬಲ್‌ಗಳನ್ನು 82599 ಯಾರದ್ದಾದರೂ ಒಪ್ಪುತ್ತದೆ. ಇದನ್ನು ಡ್ರೈವರಿನ ದಾಖಲೆಯಲ್ಲೇ ಬರೆದಿದ್ದಾರೆ, ನಾನು ಓದಿರಲಿಲ್ಲ. ಮೂರು ಮೀಟರಿನವು ಎರಡು, 2,600 ರೂಪಾಯಿ. ಸಿಕ್ಕಿಸಿದ ಕ್ಷಣ ಬಂದ ದೀಪ ಇದುವರೆಗೆ ಆರಿಲ್ಲ. ಫೈಬರು, ಮಾಡ್ಯೂಲುಗಳ 3,500 ರೂಪಾಯಿ ಡ್ರಾಯರಿನಲ್ಲಿದೆ.

ಇಷ್ಟಾಗಿ ಬಾಮೈದನ ಕಂಪ್ಯೂಟರಿನಿಂದ ಸ್ಟೋರೇಜಿಗೆ ವೇಗ ಅಳೆದೆ. ಅಳತೆಗೆ ನೆಟ್‌ವರ್ಕಿನ ವೇಗವನ್ನಷ್ಟೇ ಅಳೆಯುವ ಐಪರ್ಫ್ 3 ಬಳಸಿ. ಫೈಲು ನಕಲಿಸಿ ಅಳೆದರೆ ಡಿಸ್ಕಿನ ವೇಗವೂ ಬೆರೆತುಹೋಗುತ್ತದೆ. ಕಾರ್ಡಿನ ಸ್ಥಿತಿ ತೋರಿಸುವ, ಬದಲಿಸುವ ಇಥ್‌ಟೂಲ್ ಆಜ್ಞೆ ಕೊಂಡಿ 10,000 ಮೆಗಾಬಿಟ್ ಎನ್ನುತ್ತಿತ್ತು. ಐಪರ್ಫ್ ಕೊಟ್ಟದ್ದು 3.2 ಗಿಗಾಬಿಟ್.

ಮುಂದಿನ ಐದು ರಾತ್ರಿ ನಾನು ಮಾಡಿದ್ದನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಇಥ್‌ಟೂಲಿನಲ್ಲಿ ಒಂದು ಸೊಗಸಾದ ಪದ್ಧತಿ ಇದೆ: ಹಲವು ಕಡೆ ಚಿಕ್ಕ ಅಕ್ಷರದ ಆಯ್ಕೆ ಸ್ಥಿತಿಯನ್ನು ತೋರಿಸುತ್ತದೆ, ಅದೇ ದೊಡ್ಡ ಅಕ್ಷರ ಬದಲಿಸುತ್ತದೆ. ಚಿಕ್ಕ ಜಿ, ಪ್ಯಾಕೆಟ್‌ಗಳನ್ನು (ದತ್ತಾಂಶದ ತುಂಡುಗಳನ್ನು) ತಾತ್ಕಾಲಿಕವಾಗಿ ಇಡುವ ರಿಂಗ್ ಬಫರಿನ ಗಾತ್ರ ತೋರಿಸಿದರೆ ದೊಡ್ಡ ಜಿ ಅದನ್ನು ತಿದ್ದುತ್ತದೆ. ಕಾರ್ಡು ಪ್ರೊಸೆಸರನ್ನು ಕೂಗಿ ಕರೆಯುವ ಇಂಟರಪ್ಟಿನ ಕಾಲಾವಧಿಗೆ ಸಿ, ಪ್ರೊಸೆಸರಿನ ಬದಲು ಕಾರ್ಡೇ ಮಾಡುವ ಕೆಲಸಗಳಾದ ಆಫ್‌ಲೋಡುಗಳಿಗೆ ಕೆ. ನಾನು ದೊಡ್ಡ ಅಕ್ಷರಗಳಲ್ಲೇ ಮುಳುಗಿದೆ. ರಿಂಗ್ ಹಿಗ್ಗಿಸಿದೆ, 3.2. ದತ್ತಾಂಶವನ್ನು ತಪ್ಪದೆ ತಲುಪಿಸುವ ಟಿಸಿಪಿ ಪದ್ಧತಿಯ ಬಫರ್ ಏರಿಸಿದೆ, 3.2. ಇಂಟರಪ್ಟಿನ ಕಾಯುವಿಕೆಯನ್ನು ಸೊನ್ನೆಗೆ ಇಳಿಸಿದೆ. ಪ್ರೊಸೆಸರಿನ ಫ್ಯಾನು ಮಿಕ್ಸಿಯಂತೆ ಕೂಗಿತು, ಸಂಖ್ಯೆ ಅದೇ. ಟಿಎಸ್‌ಒ ಎಂಬ ಆಫ್‌ಲೋಡನ್ನು ನಿಲ್ಲಿಸಿದೆ. ದೊಡ್ಡ ದತ್ತಾಂಶವನ್ನು ಪ್ಯಾಕೆಟ್‌ಗಳಾಗಿ ತುಂಡರಿಸುವ ಕೆಲಸ ಕಾರ್ಡಿನಿಂದ ಪ್ರೊಸೆಸರಿನ ತಲೆಗೆ ಬಂತು, ಅಷ್ಟೇ.

"ಭಾವ, ಇಲ್ಲಿಯವರೆಗೆ ಏನೇನು ತಿರುಗಿಸಿದಿರಿ ಎಂದು ಎಲ್ಲಾದರೂ ಬರೆದಿಟ್ಟಿದ್ದೀರಾ?" ಎಂದು ಬಾಮೈದ ಕೇಳಿದ. ಇರಲಿಲ್ಲ. ಹಳೆಯ ಮುಹೂರ್ತಗಳ ಬುಕಿಂಗ್ ಡೈರಿಯೊಂದನ್ನು ತಂದು ಮುಂದಿಟ್ಟು, "ಇದರಲ್ಲಿ ಬರೆಯಿರಿ, ಒಂದು ಸಲಕ್ಕೆ ಒಂದೇ" ಎಂದ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಕೋಪ ಬಂತು; ಅವನ ಮಾತು ಸರಿಯಾಗಿದ್ದುದರಿಂದ ಹೆಚ್ಚೇ ಬಂತು.

ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರಲು ಅವನ ಕಂಪ್ಯೂಟರನ್ನು ರೀಬೂಟ್ ಮಾಡಿ, ಈ ಸಲ ಸಂದೇಶಗಳನ್ನು ಮೊದಲ ಸಾಲಿನಿಂದ ಓದಿದೆ. ಅಲ್ಲಿತ್ತು: ಲಭ್ಯವಿರುವ ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ, ಲೇನುಗಳುಳ್ಳ ದಾರಿ) ಸಾಮರ್ಥ್ಯ 4 ಗಿಗಾಬಿಟ್, ಕಾರಣ ಒಂದೇ ಲೇನಿನ ಕೊಂಡಿ, ಕಾರ್ಡಿಗೆ 32 ಗಿಗಾಬಿಟ್‌ನ ಎಂಟು ಲೇನಿನ ಯೋಗ್ಯತೆ ಇದೆ.

ಈ ಕಾರ್ಡು ಎರಡನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್‌ನದು. ಒಂದು ಲೇನಿನಲ್ಲಿ ಸೆಕೆಂಡಿಗೆ 5 ಗಿಗಾ ಸಂಕೇತ. ಪ್ರತಿ ಹತ್ತು ಬಿಟ್‌ನಲ್ಲಿ ಎಂಟು ಮಾತ್ರ ಸರಕು, ಆದ್ದರಿಂದ 4 ಗಿಗಾಬಿಟ್. ಮೇಲುಖರ್ಚು ಕಳೆದರೆ ನನ್ನ 3.2. ಮೊದಲ ಸ್ಲಾಟನ್ನು ಗ್ರಾಫಿಕ್ಸ್ ಕಾರ್ಡು ಹಿಡಿದಿದ್ದರಿಂದ ಇದನ್ನು ಕೆಳಗಿನ ಉದ್ದನೆಯ ಸ್ಲಾಟಿಗೆ ಹಾಕಿದ್ದೆ. ನೋಡಲು ಅದೂ ಅಷ್ಟೇ ಉದ್ದ. ಒಳಗೆ ಎಷ್ಟು ಲೇನ್ ಎಳೆದಿದ್ದಾರೆ ಎಂಬುದು ಉದ್ದದಿಂದ ತಿಳಿಯುವುದಿಲ್ಲ. ಮದರ್‌ಬೋರ್ಡಿನ ಕೈಪಿಡಿಯ ಕೋಷ್ಟಕವೊಂದರ ಅಡಿಟಿಪ್ಪಣಿಯಲ್ಲಿ ಉತ್ತರವಿತ್ತು: ಆ ಸ್ಲಾಟ್ ತನ್ನ ಲೇನುಗಳನ್ನು ಎರಡು ಸಣ್ಣ ಸ್ಲಾಟುಗಳೊಂದಿಗೆ ಹಂಚಿಕೊಳ್ಳುತ್ತದೆ, ನಾಲ್ಕು ಲೇನ್ ಬೇಕಿದ್ದರೆ ಬಯೋಸ್‌ನಲ್ಲಿ ಹೇಳಬೇಕು, ಆಗ ಸಣ್ಣವೆರಡೂ ನಿಲ್ಲುತ್ತವೆ. ಬಾಮೈದನ ಹಳೆಯ ಕ್ಯಾಪ್ಚರ್ ಕಾರ್ಡು ಅಲ್ಲೇ ಇತ್ತು. ಎರಡು ದಿನ ಯೋಚಿಸಿ ಕಿತ್ತುಕೊಟ್ಟ. ನಾಲ್ಕು ಲೇನೆಂದರೆ 16 ಗಿಗಾಬಿಟ್, ಒಂದು ಪೋರ್ಟಿಗೆ ಧಾರಾಳ.

ಮತ್ತೆ ಅಳೆದೆ: 9.41. ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಸಾಮಾನ್ಯ 1500 ಬೈಟಿನ ಪ್ಯಾಕೆಟ್‌ಗಳಲ್ಲಿ, ಶಿರೋಲೇಖಗಳು ಮತ್ತು ಪ್ಯಾಕೆಟ್‌ಗಳ ನಡುವಿನ ಅಂತರ ಕಳೆದರೆ, 10 ಗಿಗಾಬಿಟ್ ತಂತಿ ಟಿಸಿಪಿಗೆ ಕೊಡಬಲ್ಲದ್ದೇ ಹೆಚ್ಚುಕಡಿಮೆ ಇಷ್ಟು. ಈ ಸಂಖ್ಯೆ ಬಂದ ಮೇಲೂ 10 ಯಾಕಿಲ್ಲ ಎಂದು ಕೊರಗಬೇಡಿ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಇಬ್ಬರೂ ಒಟ್ಟಿಗೆ ಸ್ಟೋರೇಜಿಗೆ ಬರೆಯತೊಡಗಿದಾಗ ವೇಗ ಏರುವುದು, ತಟ್ಟನೆ ಬೀಳುವುದು ಶುರುವಾಯಿತು. ಈ ಸಲ ಏನನ್ನೂ ತಿರುಗಿಸುವ ಮೊದಲು ಇಥ್‌ಟೂಲಿನ ದೊಡ್ಡ ಎಸ್ ಆಯ್ಕೆಯಲ್ಲಿ (ಇದು ಮೇಲಿನ ಪದ್ಧತಿಗೆ ಅಪವಾದ, ತೋರಿಸುತ್ತದೆ ಅಷ್ಟೇ) ಕಾರ್ಡಿನ ಎಣಿಕೆಗಳನ್ನು ನೋಡಿದೆ. ಬಹುಪಾಲು ಸೊನ್ನೆ ಅಥವಾ ಅರ್ಥವಾಗದವು. ಒಂದು ಮಾತ್ರ ಪ್ರತಿ ಕುಸಿತದ ಜೊತೆಗೂ ಏರುತ್ತಿತ್ತು: ಬಂದ ಪ್ಯಾಕೆಟ್ ಇಡಲು ಜಾಗವಿಲ್ಲದೆ ಬಿಸಾಡಿದ್ದರ ಲೆಕ್ಕ.

ದರ್ಶಿನಿಯ ಕೌಂಟರನ್ನು ನೆನೆಯಿರಿ. ಭಟ್ಟರು ದೋಸೆ ಹಾಕಿ ಹಾಕಿ ಕೌಂಟರಿನ ಕಲ್ಲಿನ ಮೇಲೆ ಸಾಲಾಗಿ ಇಡುತ್ತಾರೆ. ಗಿರಾಕಿಗಳು ಒಂದೊಂದಾಗಿ ಎತ್ತಿಕೊಳ್ಳುತ್ತಾರೆ. ರಿಂಗ್ ಬಫರ್ ಎಂದರೆ ಆ ಕಲ್ಲು. ಕಾರ್ಡು ಇಡುತ್ತದೆ, ಪ್ರೊಸೆಸರ್ ಎತ್ತುತ್ತದೆ. ನಮ್ಮ ಡ್ರೈವರಿನಲ್ಲಿ ಕಲ್ಲಿನ ಮೇಲೆ 512 ತಟ್ಟೆಗೆ ಜಾಗ. 10 ಗಿಗಾಬಿಟ್‌ನಲ್ಲಿ ದೊಡ್ಡ ಪ್ಯಾಕೆಟ್‌ಗಳೇ ಸೆಕೆಂಡಿಗೆ 8 ಲಕ್ಷ ಮೀರಿ ಬರುತ್ತವೆ. ಆ ಲೆಕ್ಕದಲ್ಲಿ 512 ತುಂಬಲು ಒಂದು ಮಿಲಿಸೆಕೆಂಡೂ ಬೇಡ. ಸ್ಟೋರೇಜಿನ ಹಳೆಯ ಪ್ರೊಸೆಸರ್ ಅಷ್ಟು ಹೊತ್ತು ಆಚೆ ತಿರುಗಿದರೆ ಉಳಿದ ದೋಸೆ ನೆಲದ ಪಾಲು. ಐದು ರಾತ್ರಿ ಸುಮ್ಮನೆ ತಿರುಗಿಸಿದ ಅದೇ ಗುಂಡಿ ಈಗ ನಿಜಕ್ಕೂ ಬೇಕಾಗಿತ್ತು. 2048 ಮಾಡಿದಾಗ ಏರಿಕೆ ನಿಧಾನವಾಯಿತು, 4096ಕ್ಕೆ ನಿಂತಿತು. ಗರಿಷ್ಠ ಎಷ್ಟೆಂದು ಚಿಕ್ಕ ಜಿ ಹೇಳುತ್ತದೆ. ಇಂಟರಪ್ಟಿನ ಕಾಯುವಿಕೆ ಎಂದರೆ ಭಟ್ಟರು ಪ್ರತಿ ದೋಸೆಗೂ ಟೋಕನ್ ಕೂಗಬೇಕೋ, ನಾಲ್ಕಾರು ಸೇರಿಸಿ ಕೂಗಬೇಕೋ ಎಂಬುದು; ಆ ನಿರ್ಧಾರವನ್ನು ಡ್ರೈವರಿಗೇ ಬಿಟ್ಟೆ. ಸಂದಣಿ ನೋಡಿ ಹೊಂದಿಸಿಕೊಳ್ಳಲು ಅದಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ರಿಂಗ್ ಗಾತ್ರ ಬದಲಿಸಿದಾಗ ಕೊಂಡಿ ಒಂದೆರಡು ಸೆಕೆಂಡು ಕಡಿಯುತ್ತದೆ. ನಾನು ಹೇಳದೆ ಬದಲಿಸಿದಾಗ ಬಾಮೈದ ಧಾರೆಯ ದೃಶ್ಯ ಕತ್ತರಿಸುತ್ತಿದ್ದ. "ಭಾವ, ನನ್ನ ಟೈಮ್‌ಲೈನೆಲ್ಲ ಕೆಂಪಾಯಿತು!" ಎಂಬ ಕೂಗು ಕೆಳಮನೆಯವರಿಗೂ ಕೇಳಿಸಿತು.

ಇಥ್‌ಟೂಲಿನಲ್ಲಿ ಮಾಡಿದ್ದು ರೀಬೂಟ್ ಆದರೆ ಉಳಿಯುವುದಿಲ್ಲ. ಗೊತ್ತಿತ್ತು, ನಾಳೆ ಮಾಡಿದರಾಯಿತು ಎಂದಿದ್ದೆ. ಆ ರಾತ್ರಿಯ ಗಾಳಿಮಳೆಗೆ ಕರೆಂಟು ಹೋಯಿತು, ಯುಪಿಎಸ್ ಇಪ್ಪತ್ತು ನಿಮಿಷ ಎಳೆದು ಸುಸ್ತಾಯಿತು, ಬೆಳಗ್ಗೆ ನೋಡಿದರೆ ಮತ್ತೆ 512. ಶಾಶ್ವತವಾಗಿಸಲು, ಲಿನಕ್ಸ್ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಲಿಂಕ್ ಕಡತದಲ್ಲಿ (ಪೋರ್ಟುಗಳನ್ನು ಹೊಂದಿಸುವ ಕಡತ) ಸ್ವೀಕೃತಿ ಬಫರಿನ ಗಾತ್ರ ಬರೆದೆ. ರೀಬೂಟ್ ಮಾಡಿದ್ದೇ ಸ್ಟೋರೇಜ್ ಪೆಟ್ಟಿಗೆ ನೆಟ್‌ವರ್ಕಿನಿಂದಲೇ ಮಾಯ. ಮತ್ತೆ ಮಾನಿಟರ್ ಹೊತ್ತೆ. ಇದು ಯಾರಿಗೂ ಸುಲಭವಾಗಿ ಹೊಳೆಯುವಂಥದ್ದಲ್ಲ, ಗಮನಿಸಿ: ಒಂದು ಪೋರ್ಟಿಗೆ ಮೊದಲು ಹೊಂದುವ ಲಿಂಕ್ ಕಡತ ಒಂದೇ ಅನ್ವಯವಾಗುತ್ತದೆ. ನನ್ನ ಕಡತ ಬಂದದ್ದರಿಂದ ಪೋರ್ಟುಗಳಿಗೆ ಹೆಸರಿಡುವ ಮೂಲ ಕಡತ ಪಕ್ಕಕ್ಕೆ ಸರಿಯಿತು. ಇಎನ್‌ಪಿ ಎಂದು ಶುರುವಾಗುತ್ತಿದ್ದ ಹೆಸರು ಇಥ್0 ಆಯಿತು. ಹಳೆಯ ಹೆಸರಿಗೆ ಬರೆದಿದ್ದ ವಿಳಾಸ ಯಾರಿಗೂ ಹೋಗಲಿಲ್ಲ. ಮೂಲ ಕಡತದಲ್ಲಿರುವ ನೇಮ್ ಪಾಲಿಸಿ ಸಾಲನ್ನು ನಿಮ್ಮ ಕಡತಕ್ಕೂ ನಕಲಿಸಿ. ಆಮೇಲೆ ಇನಿಟ್‌ರಾಮ್‌ಎಫ್‌ಎಸ್ ಕಟ್ಟನ್ನು ಇನ್ನೊಮ್ಮೆ ಕಟ್ಟಿ.

ಜಂಬೊ ಫ್ರೇಮಿನ, ಅಂದರೆ 1500 ಬೈಟಿಗಿಂತ ದೊಡ್ಡ ಪ್ಯಾಕೆಟ್‌ಗಳ ಬಗ್ಗೆ ಎರಡು ಮಾತು, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಪ್ಯಾಕೆಟ್ಟಿನ ಗರಿಷ್ಠ ಗಾತ್ರವಾದ ಎಂಟಿಯುವನ್ನು 9000 ಮಾಡಿದೆ, ಒಂದು ತುದಿಯಲ್ಲಿ ಮಾತ್ರ. ಏನೂ ಕೆಡಲಿಲ್ಲ, ಏನೂ ಸುಧಾರಿಸಲಿಲ್ಲ. ಟಿಸಿಪಿ ಸಂಪರ್ಕದ ಆರಂಭದಲ್ಲೇ ಎರಡೂ ಕಡೆಯವರು ಚಿಕ್ಕ ಗಾತ್ರಕ್ಕೆ ಒಪ್ಪಿಕೊಳ್ಳುತ್ತಾರೆ. ತುಂಡರಿಸಬೇಡ ಎಂದು ಹೇಳಿ 8972 ಬೈಟಿನ ಪಿಂಗ್ ಕಳಿಸಿದಾಗಲೇ ತಪ್ಪು ತಿಳಿದದ್ದು. ಅದಕ್ಕೆ 28 ಬೈಟಿನ ಶಿರೋಲೇಖ ಸೇರಿದರೆ 9000. ಎರಡೂ ಕಡೆ ಸರಿಪಡಿಸಿದಾಗ 9.41 ಹೋಗಿ 9.9 ಆಯಿತು. ನಮ್ಮದು ನೇರ ಕೇಬಲ್ ಆದ್ದರಿಂದ ಇಟ್ಟುಕೊಂಡೆ. ನಡುವೆ ಸ್ವಿಚ್ಚು, ಪ್ರಿಂಟರು, ಟಿವಿ ಇರುವ ಮನೆಯ ನೆಟ್‌ವರ್ಕಿನಲ್ಲಿ ಇಷ್ಟು ಲಾಭಕ್ಕೆ ಈ ತಲೆನೋವು ಬೇಡ. ವಿಂಡೋಸ್‌ನವರಿಗೆ ಇದೇ ಗುಂಡಿಗಳು ಡಿವೈಸ್ ಮ್ಯಾನೇಜರಿನ ಅಡ್ವಾನ್ಸ್ಡ್ ಪುಟದಲ್ಲಿ ಸಿಗುತ್ತವೆ. ಇಂಟೆಲ್ ಡ್ರೈವರಿನಲ್ಲಿ ಅಲ್ಲಿ 9014 ಎಂದಿದ್ದರೆ ಗಾಬರಿಯಾಗಬೇಡಿ, 14 ಬೈಟಿನ ಇಥರ್ನೆಟ್ ಶಿರೋಲೇಖವನ್ನೂ ಸೇರಿಸಿ ಎಣಿಸಿರುತ್ತಾರೆ.

ಇನ್ನೊಂದು ಖರ್ಚು ಮರೆತಿದ್ದೆ. ಈ ಕಾರ್ಡುಗಳು ಸರ್ವರಿನೊಳಗಿನ ಬಿರುಗಾಳಿಗೆ ಒಗ್ಗಿದವು. ನಮ್ಮ ಸ್ಟೋರೇಜ್ ಪೆಟ್ಟಿಗೆಯಲ್ಲಿ ಮುಟ್ಟಿದರೆ ಕೈ ಹಿಂದೆಳೆಯುವಷ್ಟು ಬಿಸಿಯಾಗುತ್ತಿತ್ತು, ಅದೂ ಜುಲೈ ತಿಂಗಳ ಬೆಂಗಳೂರಿನಲ್ಲಿ. 250 ರೂಪಾಯಿಯ ಸಣ್ಣ ಫ್ಯಾನನ್ನು ಅದರ ಮುಖಕ್ಕೆ ಕಟ್ಟಿದೆ. ಎಲ್ಲ ಸೇರಿ 16,300 ರೂಪಾಯಿ. ಹೆಂಡತಿಗೆ ಫೈಬರಿನ ಕಥೆ ಬಿಟ್ಟು ಉಳಿದ ಲೆಕ್ಕ ಕೊಟ್ಟಿದ್ದೆ. ಬಾಮೈದ ತನ್ನ ಅಕ್ಕನಿಗೆ ಪೂರ್ತಿ ಲೆಕ್ಕ ಕೊಟ್ಟಿದ್ದಾನೆಂದು ಆಮೇಲೆ ತಿಳಿಯಿತು.

ಶ್ರಾವಣದ ಮೊದಲ ಮದುವೆಯ ಮೆಮೊರಿ ಕಾರ್ಡುಗಳು ಮೊನ್ನೆ ಬಂದವು. 600 ಗಿಗಾಬೈಟಿಗೆ ಸ್ವಲ್ಪ ಮೇಲೆ. ಸ್ಟೋರೇಜಿಗೆ ಸಾಗಿಸಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಬಿಸಾಡಿದ ಪ್ಯಾಕೆಟ್‌ಗಳ ಎಣಿಕೆ ಕೊನೆಯವರೆಗೂ ಸೊನ್ನೆಯಲ್ಲೇ ಇತ್ತು. ಹಾಗೆ ನೋಡಿದರೆ ಹತ್ತು ನಿಮಿಷದೊಳಗೆ ಮುಗಿಯಬೇಕಿತ್ತು. ನೆಟ್‌ವರ್ಕ್ ಅರ್ಧ ಖಾಲಿ ನಿಂತಿತ್ತು, ನಾಲ್ಕು ಹಾರ್ಡ್ ಡಿಸ್ಕುಗಳು ಮಾತ್ರ ಸೆಕೆಂಡಿಗೆ 480 ಮೆಗಾಬೈಟ್ ಬರೆಯುತ್ತ ಏದುಸಿರು ಬಿಡುತ್ತಿದ್ದವು. "ಎಸ್‌ಎಸ್‌ಡಿಗೆ ಎಷ್ಟಾಗುತ್ತದೆ ಭಾವ?" ಎಂದ ಬಾಮೈದ. ಮುಂದಿನ ಆಷಾಢಕ್ಕೆ ನೋಡೋಣ ಎಂದೆ.